ಶೆಟ್ರು ‘ಬಲ’ ಎಂದಾಗ

ಕರುಣಾಕರ ಶೆಟ್ರು ತಮ್ಮದೇ ಹೋಟೆಲಿನ ಇಡ್ಲಿಯನ್ನೂ ಮೊದಲು ಎರಡು ಹೋಳು ಮಾಡಿ, ಒಳಗೆ ಏನಿದೆಯೆಂದು ನೋಡಿ, ಆಮೇಲೆ ತಿನ್ನುತ್ತಿದ್ದರು. ಅಕ್ಕಿ ನೆನೆಸಿದ್ದು ಅವರ ಅಡುಗೆಮನೆಯಲ್ಲಿ, ಬೇಯಿಸಿದ್ದು ಅವರ ಕಣ್ಣೆದುರಿಗೆ. ಆದರೂ ನೋಡಬೇಕು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಗಾಡಿ ಎಲ್ಲಿಗೆ ಹೋಗುತ್ತದೆಂದು ಬೋರ್ಡು ತೋರಿಸುತ್ತಿದ್ದರೂ ಮೂವರನ್ನು ಕೇಳುವರು. ಮೂವರೂ ಒಂದೇ ಉತ್ತರ ಕೊಟ್ಟರೆ, “ಎಂತದೋ ಝೋಲ್ ಉಂಟು” ಎಂದು ಮುಂದಿನ ಗಾಡಿಗೆ ಕಾಯುವರು. ಒಳಮೋಸಕ್ಕೆ ಮುಂಬೈಯವರು ಬಳಸುವ ಈ ‘ಝೋಲ್’ ಅವರ ನಾಲಿಗೆಯ ತುದಿಯಲ್ಲೇ ಕೂತಿರುತ್ತಿತ್ತು.

ನಾನು ಮೈಸೂರಿನವನು. ಮನೆ ಘೋಡಬಂದರ್ ರಸ್ತೆಯಲ್ಲಿ, ಆಫೀಸು ಐರೋಲಿಯಲ್ಲಿ. ಠಾಣೆಯಲ್ಲಿ ಗಾಡಿ ಹತ್ತುವ ಮೊದಲು ಸ್ಟೇಷನ್ ಪಕ್ಕದ ಕೋಪರಿಯಲ್ಲಿದ್ದ ಅವರ ಹೋಟೆಲಿನಲ್ಲಿ ತಿಂಡಿ. ಒಂದು ಬೆಳಿಗ್ಗೆ ನಾನು ಫೋನಿನಲ್ಲಿ ಮಾತಾಡಿ ಮುಗಿಸುವುದನ್ನೇ ಕಾದಿದ್ದ ಶೆಟ್ರು ಟೇಬಲ್ಲಿನ ಪಕ್ಕ ಬಂದು ತಗ್ಗಿದ ದನಿಯಲ್ಲಿ ನನ್ನದು ಯಾವ ಕ್ಲಾಸೆಂದು ಕೇಳಿದರು. ಸೆಕೆಂಡ್ ಕ್ಲಾಸ್ ಪಾಸು ಎಂದೆ.

“ಗಾಡಿದಲ್ಲ ಮಾರಾಯ್ರೇ, ಆಟದ್ದು. ಈಗ ಮಾತಾಡಿದ್ರಲ್ಲ.”

ನಾನು ಮಾತಾಡಿದ್ದು ಡೊಂಬಿವಲಿಯ ಪಲ್ಲವಿಯೊಡನೆ. ಧಾರವಾಡದ ಮನೆತನದ, ಇಲ್ಲೇ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ನಾವಿಬ್ಬರೂ ಅಂತರ್ಜಾಲದಲ್ಲಿ ಒಂದು ಯುದ್ಧದ ಆಟ ಆಡುತ್ತಿದ್ದೆವು. ಬಾಹ್ಯಾಕಾಶದಲ್ಲಿ ಅಲೆಯುವ ಹಾಳು ನೌಕೆ, ಅದರೊಳಗೆ ಎರಡು ತಂಡ, ಕೈಯಲ್ಲಿ ಬೆಳಕಿನ ಬಂದೂಕು. ಪ್ರತಿಯೊಬ್ಬರೂ ತಮ್ಮ ಯೋಧ ಏನೇನು ಹೊರಬೇಕು, ಏನು ಬಲ್ಲವನಾಗಿರಬೇಕು ಎಂದು ತಾವೇ ಆರಿಸಿ ಕಟ್ಟಬೇಕು. ಅದಕ್ಕೆ ಕ್ಲಾಸ್ ಎನ್ನುತ್ತಾರೆ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ, ಮಧ್ಯಾಹ್ನದ ಊಟದ ಗಿರಾಕಿ ಕರಗಿದ ಮೇಲೆ, ಐವತ್ತು ದಾಟಿದ ಶೆಟ್ರು ಇದೇ ಆಟವನ್ನು ಒಬ್ಬರೇ ಆಡುತ್ತಿದ್ದರಂತೆ. ಭಾನುವಾರಗಳಲ್ಲಿ ನಮ್ಮ ತಂಡಕ್ಕೆ ಸೇರಿಸಿಕೊಂಡೆವು.

ಸಾಮಾನ್ಯವಾಗಿ ಒಬ್ಬ ಹೊಡೆಯುತ್ತಾನೆ, ಒಬ್ಬ ಗಾಯಕ್ಕೆ ಮದ್ದು ಹಾಕುತ್ತಾನೆ, ಒಬ್ಬ ಕೆಟ್ಟ ಬಾಗಿಲು ಸರಿಮಾಡುತ್ತಾನೆ. ಶೆಟ್ರಿಗೆ ಈ ಪಾಲು ಹಂಚಿಕೆಯೇ ಒಪ್ಪಿಗೆಯಿಲ್ಲ. ಬಂದೂಕು ಮಧ್ಯಮದ್ದು, ಕವಚ ಹಗುರದ್ದು. ಉಳಿಸಿದ ಭಾರದಲ್ಲಿ ಮದ್ದಿನ ಪೆಟ್ಟಿಗೆ, ರಿಪೇರಿಯ ಸಾಮಾನು, ನೆಲದ ಬಾಂಬು ಪತ್ತೆಮಾಡುವ ಕೋಲು, ಜಿಗಿಯಲು ಬೆನ್ನಿಗೊಂದು ಯಂತ್ರ. ಯಾವುದರಲ್ಲೂ ಮೊದಲಿಗನಲ್ಲ, ಯಾವುದಕ್ಕೂ ಇನ್ನೊಬ್ಬರ ಮನೆ ಬಾಗಿಲು ತಟ್ಟುವವನಲ್ಲ. ಮದ್ದಿಗೆ ಪಲ್ಲವಿ ಇದ್ದಾಳಲ್ಲ ಎಂದು ನಾನು ಹೇಳಿದರೆ, “ಹೋಟೆಲಿನವ ಭಟ್ಟನನ್ನು ನಂಬಿದ್ರೆ ಆಯ್ತಾ? ಭಟ್ಟ ಬಾರದ ದಿನ ದೋಸೆ ಹೊಯ್ಯಲಿಕ್ಕೆ ಗೊತ್ತಿರಬೇಕು” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಕ್ಲಾಸು ಬಲು ಚೆನ್ನಾಗಿತ್ತು. ನಾನು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಒಂದೇ ಒಂದು ಕೊರತೆ. ಆಟದ ನಿಯಮದಂತೆ, ಪೂರ್ತಿ ನೆಲಕ್ಕೆ ಬಿದ್ದವನು ತನ್ನನ್ನು ತಾನೇ ಎಬ್ಬಿಸಿಕೊಳ್ಳುವಂತಿಲ್ಲ. ಬೇರೊಬ್ಬ ಬಂದು ಕೈಹಿಡಿಯಬೇಕು. ಶೆಟ್ರು ಇದನ್ನು ತಮ್ಮ ಮೇಲೆ ಹೂಡಿದ ಸಂಚೆಂದೇ ತಿಳಿದಿದ್ದರು.

ತಕರಾರು ಹುಟ್ಟಿದ್ದು ಇಲ್ಲೇ. ಅವರು ಎಲ್ಲರಿಗಿಂತ ಮುಂದೆ ನುಗ್ಗುವರು. ಸ್ವಲ್ಪ ಹೊತ್ತಿಗೆ ಹೆಡ್‌ಫೋನು ಹಾಕಿದ ಕಿವಿಯಲ್ಲಿ “ಬಲ! ಬಲ!” ಎಂದು ಅವರ ದನಿ ಕೇಳುವುದು. ನಾನು ಬಲಕ್ಕೆ ತಿರುಗುತ್ತಿದ್ದೆ. ಅಲ್ಲಿ ಶತ್ರುಗಳು ಕಾದಿದ್ದವರ ಹಾಗೆ ನನ್ನನ್ನು ಸುಟ್ಟು ಹಾಕುತ್ತಿದ್ದರು. ಒಂದು ಸಲವಾದರೆ ಗ್ರಹಚಾರ ಎನ್ನೋಣ. ಪ್ರತಿ ಭಾನುವಾರ ಇದೇ ಆದರೆ? ಆಟ ಮುಗಿದ ಮೇಲೆ ಶೆಟ್ರು ಒಂದು ಮಾತೂ ಆಡದೆ ಹೊರಟುಬಿಡುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ. ಮಾರನೆಯ ದಿನ ಹೋಟೆಲಿಗೆ ಹೋದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನಾನು ಅವರ ಕಾಫಿಯನ್ನು ಮೂಸಿ ಕುಡಿಯುತ್ತಿದ್ದೆ. ಅನುಮಾನ ಅಂಟುರೋಗವೇ ಸರಿ. ಇಡ್ಲಿಯನ್ನು ಹೋಳು ಮಾಡಿ ನೋಡುವ ಚಾಳಿ ನನಗೂ ಹತ್ತಿತು.

ಪಲ್ಲವಿಯ ತೀರ್ಪು ಆಗಲೇ ಸಿದ್ಧವಾಗಿತ್ತು. “ಅಂಕಲ್ ಡಬಲ್ ಗೇಮ್ ಖೇಲ್ ರಹೇ ಹೈಂ,” ಎಂದಳು, ಎರಡೂ ಕಡೆ ಆಡುತ್ತಿದ್ದಾರೆಂದು. ಅವರನ್ನು ತಂಡದಿಂದ ತೆಗೆಯೋಣ ಎಂಬುದು ಅವಳ ಮಾತು. ನಾನು ಇನ್ನೊಂದು ಭಾನುವಾರ ಕೊಡು ಎಂದೆ. ಎಲ್ಲರನ್ನೂ ಶಂಕಿಸುವ ಮನುಷ್ಯ ನಮ್ಮಿಬ್ಬರ ಜೊತೆ ಮಾತ್ರ ಕೂಡಿದ್ದರು. ಅದೂ ಸುಳ್ಳೆಂದಾದರೆ ನನಗೆ ಬೇಸರವಾಗುತ್ತಿತ್ತು.

ಆ ಭಾನುವಾರ ಅವರು “ಬಲ!” ಎಂದಾಗ, ಬೇಕೆಂದೇ ಎಡಕ್ಕೆ ಓಡಿದೆ. ಎಡಗಡೆಯ ಓಣಿಯಲ್ಲಿ ಶೆಟ್ರ ಯೋಧ ಅಂಗಾತ ಬಿದ್ದಿದ್ದ. ಒಂದು ಗಳಿಗೆ ಹಾಗೇ ನೋಡಿದೆ. ಆಮೇಲೆ ಕೈಹಿಡಿದು ಎಬ್ಬಿಸಿದೆ. ಕಿವಿಯಲ್ಲಿ ಅವರ ಉಸಿರು ಕೇಳಿತು. ನನಗಂತೂ ಈಗ ಸಾಕ್ಷಿಯೇ ಸಿಕ್ಕಿತ್ತು: ಎಡಗಡೆ ಬಿದ್ದುಕೊಂಡು ಬಲಕ್ಕೆ ಕಳಿಸುತ್ತಾರೆ!

ಮಾರನೆಯ ಬೆಳಿಗ್ಗೆ ಹೋಟೆಲಿನ ಗಲ್ಲಾದ ಮುಂದೆ ನಿಂತು ಕೇಳಿಯೇಬಿಟ್ಟೆ. “ಶೆಟ್ರೇ, ಎಡಗಡೆ ಬಿದ್ಕೊಂಡು ಬಲ ಬಲ ಅಂತ ಕೂಗ್ತೀರಲ್ಲ, ಇದೇನು ಝೋಲು?”

ಅವರ ಮುಖ ಕೆಂಪಾಯಿತು. “ಝೋಲ್ ನನ್ನದಾ? ವಾರ ವಾರ ಕರೀತೇನೆ, ನೀವು ಬೆನ್ನು ತಿರುಗಿಸಿ ಆಚೆ ಹೋಗ್ತೀರಿ. ಸಾಯಲಿ ಅಂತ ಬಿಟ್ಟು ಹೋಗುದು ನೀವು.”

“ಕರೆದಿದ್ದು ಯಾವಾಗ್ರೀ?”

“ಬಲ ಅಂದ್ರೆ ಮತ್ತೆಂತ? ಬಾ ಅಂತ!”

ಚಟ್ನಿಯ ಪಾತ್ರೆ ಹಿಡಿದು ಒಳಗಿಂದ ಬಂದ ಅವರ ಹೆಂಡತಿ ವಾರಿಜಕ್ಕ ಪಾತ್ರೆಯನ್ನು ಕೆಳಗಿಟ್ಟು ನಗತೊಡಗಿದರು. ತುಳುವಿನಲ್ಲಿ ‘ಬಲ’ ಎಂದರೆ ‘ಬಾ’ ಅಂತೆ. ನಮ್ಮೊಡನೆ ಸದಾ ಕನ್ನಡ ಆಡುವ ಶೆಟ್ರಿಗೆ, ಬಿದ್ದ ಗಾಬರಿಯಲ್ಲಿ ಮನೆಮಾತು ನುಗ್ಗುತ್ತಿತ್ತು. ನಾನು ಮೈಸೂರಿನ ಕಿವಿಯಲ್ಲಿ ಅದನ್ನು ಕೇಳಿ ಬಲಗಡೆಗೆ ಓಡುತ್ತಿದ್ದೆ. ಅಲ್ಲಿಗೆ ನನ್ನ ಸಾಕ್ಷಿ, ಅವರ ಸಾಕ್ಷಿ, ಎರಡೂ ನೀರಲ್ಲಿ ಹೋಮ. ವಾರಿಜಕ್ಕ ನಗು ತಡೆದು ಇನ್ನೊಂದು ಮಾತು ಹೇಳಿದರು.

“ಹೊರಗಿನವರಿಗೆಲ್ಲ ಇವರು ‘ಬಲೆ’ ಅಂತಾರೆ, ಮರ್ಯಾದೆಗೆ. ‘ಬಲ’ ಅನ್ನುದು ಮನೆಯವರಿಗೆ ಮಾತ್ರ.”

ಶೆಟ್ರು ತಲೆ ತಗ್ಗಿಸಿ, ಎದುರಿಗಿದ್ದ ಇಡ್ಲಿಯನ್ನು ಸುಮ್ಮನೆ ಹೋಳು ಮಾಡುತ್ತಾ ಕೂತರು. ನಾನು ಅಲ್ಲೇ ಕುರ್ಚಿ ಎಳೆದು ಕೂತೆ. ಆ ದಿನದ ಗಾಡಿಯೂ ತಪ್ಪಿತು.

ಮುಂದಿನ ಭಾನುವಾರ ನೋಡಿದರೆ ಅವರ ಕ್ಲಾಸಿನಿಂದ ಮದ್ದಿನ ಪೆಟ್ಟಿಗೆ ಮಾಯ. ಆ ಜಾಗದಲ್ಲಿ ನನ್ನ ಬಂದೂಕಿಗೆಂದು ಹೆಚ್ಚಿನ ಬ್ಯಾಟರಿ ಹೊತ್ತಿದ್ದರು. ಯಾಕೆಂದು ಕೇಳಿದೆ.

“ಎಬ್ಬಿಸ್ಲಿಕ್ಕೆ ನೀವು ಇದ್ದೀರಲ್ಲ,” ಎಂದರು. ಒಂದು ಕ್ಷಣ ಬಿಟ್ಟು, “ಆದ್ರೂ ಗಾಯಕ್ಕೆ ಕಟ್ಟುವ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ನಿಮ್ಮ ನೆಟ್ಟಿನ ಮೇಲೆ ಭರವಸೆ ಇಲ್ಲ.”

ಆಮೇಲೆ ಹೋಟೆಲಿದ್ದ ಹಳೆಯ ಕಟ್ಟಡವನ್ನು ಕೆಡವಿ ಕಟ್ಟುವುದೆಂದಾಯಿತು. ಹೊಸದರಲ್ಲಿ ಜಾಗ ಕೊಡುತ್ತೇನೆಂದ ಬಿಲ್ಡರನನ್ನು ಶೆಟ್ರು ನಂಬುವುದುಂಟೇ? ಗಂಟುಮೂಟೆ ಕಟ್ಟಿ ಉಡುಪಿಗೆ ಹೊರಟರು. ಠಾಣೆ ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳಿಗೆಲ್ಲ ಸರಪಳಿ ಹಾಕಿ, ನಾನು ತಂದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಪರೀಕ್ಷಿಸಿ, ರೈಲು ಡಬ್ಬಿಯ ಬಾಗಿಲಲ್ಲಿ ನಿಂತರು. ಮುಖಾಮುಖಿ ಅವರು ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ಗಾಡಿ ಅಲುಗಿದಾಗ ಮಾತ್ರ, “ಊರಿಗೆ ಬಲ” ಎಂದರು. ಬರುತ್ತೇನೆಂದು ಕೈ ಎತ್ತಿದೆ.

ಊರಿನಿಂದಲೂ ಕೆಲವು ಕಾಲ ಆಡಿದರು. ಆಮೇಲೆ ಕಣ್ಣಿನ ಡಾಕ್ಟರು ಪರದೆ ನೋಡಬಾರದೆಂದರಂತೆ. ಡಾಕ್ಟರ ಮಾತಿನಲ್ಲೂ ಝೋಲ್ ಉಂಟೆಂದು ಶೆಟ್ರು ವಾದಿಸಿದರು; ವಾರಿಜಕ್ಕ ಕಂಪ್ಯೂಟರನ್ನೇ ಮಗಳ ಮನೆಗೆ ಕಳಿಸಿಬಿಟ್ಟರು. ಭಾನುವಾರ ಮಧ್ಯಾಹ್ನ ಆಟ ತೆರೆದರೆ ಅವರ ಹೆಸರು ‘ಇಲ್ಲ’ ಎನ್ನುವ ಬೂದು ಬಣ್ಣದಲ್ಲಿರುತ್ತದೆ. ನಾನೀಗ ಅವರು ಕಟ್ಟಿದ ಕ್ಲಾಸನ್ನೇ ಆಡುತ್ತೇನೆ, ಆ ಒಂದು ಪಟ್ಟಿಯನ್ನೂ ಬಿಡದೆ.

ಮೊನ್ನೆ ಮುಂದೆ ನುಗ್ಗಿ ಎಡಗಡೆಯ ಓಣಿಯಲ್ಲಿ ಬಿದ್ದೆ. ಪಲ್ಲವಿ ಇರಲಿಲ್ಲ, ಐರೋಲಿಯ ಆಫೀಸಿಗೆ ಹೊಸದಾಗಿ ಬಂದ ಬೆಂಗಳೂರಿನವನೊಬ್ಬ ಜೊತೆಗಿದ್ದ. ಗಾಬರಿಯಲ್ಲಿ ನನ್ನ ಬಾಯಿಂದ “ಬಲ! ಬಲ!” ಎಂದೇ ಬಂತು. ಅವನು ಒಂದು ಕ್ಷಣ ನಿಂತು, ನನಗೆ ಬೆನ್ನು ಹಾಕಿ, ಬಲಕ್ಕೆ ಓಡಿದ.