ಮಹಾದೇವಿಯ ಲಾಗಿನ್‌ಗೆ ಬೀಗ ಹಾಕುತ್ತಿದ್ದದ್ದು ಯಾರು?

ಕಳೆದ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನಾನು ದೇವದುರ್ಗದಲ್ಲಿ ಮುಚ್ಚಿದ ಶಟರ್ ಒಂದರ ಮುಂದೆ ನಿಂತಿದ್ದೆ. ರಾಯಚೂರಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದೆ. ಯಾಕೆ? ಒಬ್ಬ ಹೆಣ್ಣುಮಗಳು ತಪ್ಪು ಪಾಸ್‌ವರ್ಡ್ ಒತ್ತುವುದನ್ನು ಕಣ್ಣಾರೆ ಕಂಡು ಹಿಡಿಯಲಿಕ್ಕೆ.

ವಾರವಾರ ಇಲ್ಲಿ ನನ್ನ ಗೊಣಗಾಟ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ರಾಯಚೂರಿನ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ಶಾಖೆ ಇದೆ. ಅಲ್ಲಿ ತೆಗೆದ ರಕ್ತ ರಾಯಚೂರಿಗೆ ಬರುತ್ತದೆ, ಫಲಿತಾಂಶ ಡೇಟಾಬೇಸಿಗೆ ಹೋಗುತ್ತದೆ. ಶಾಖೆಯವರು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿ ನಮ್ಮ ರಿಪೋರ್ಟ್ ಸರ್ವರ್‌ಗೆ ಲಾಗಿನ್ ಆಗಿ ಪ್ರಿಂಟ್ ತೆಗೆದು ಪೇಷಂಟ್ ಕೈಗೆ ಕೊಡುತ್ತಾರೆ. ಅಷ್ಟೇ. ಆದರೆ ಮೂರು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಆ ಹೆಸರಿಗೆ ಬೀಗ. ಆ ಬೀಗ ತೆಗೆಯುವವಳು ನಾನೊಬ್ಬಳೇ, ಅದೂ ಆಫೀಸಿನ ನನ್ನ ಮೇಜಿನಿಂದ ಮಾತ್ರ. (ಈ ನಿಯಮ ಮಾಡಿದವಳೂ ನಾನೇ. ಮಾಡಿದ ದಿನ ಎಷ್ಟು ಜಂಬಪಟ್ಟಿದ್ದೆ ಅಂತ ಈಗ ಹೇಳಲು ನಾಚಿಕೆ.)

ಒಂದೂವರೆ ತಿಂಗಳಿಂದ ದಿನಾ ಬೆಳಿಗ್ಗೆ ಒಂದೇ ಹೆಸರಿಗೆ ಬೀಗ ಬೀಳುತ್ತಿತ್ತು. ಮಹಾದೇವಿ. ದೇವದುರ್ಗ ಶಾಖೆಯ ಇನ್‌ಚಾರ್ಜ್.

ಮಹಾದೇವಿ ಮಾನ್ವಿ ಹತ್ತಿರದ ಕುರ್ಡಿ ಊರಿನವಳು. ಮಾನ್ವಿ ಶಾಖೆಗೆ ಮೊದಲು ಸೇರಿದ್ದು ಕಸ ಗುಡಿಸಲು, ಸ್ಯಾಂಪಲ್ ಒಯ್ಯುವ ಐಸ್ ಡಬ್ಬಿ ತೊಳೆಯಲು. ಕೆಲಸ ಮುಗಿದ ಮೇಲೆ ಕೌಂಟರಿನ ಹಿಂದೆ ನಿಂತು ಕಂಪ್ಯೂಟರ್ ನೋಡುತ್ತಾ ನೋಡುತ್ತಾ ಟೈಪಿಂಗ್ ಕಲಿತಳು. ಒಂದು ದಿನ ಕೌಂಟರಿನವರು ರಜೆ ಹಾಕಿದಾಗ ಆಕೆಯೇ ಕೂತಳು. ಆಮೇಲೆ ಅಲ್ಲಿಂದ ಏಳಲೇ ಇಲ್ಲ. ನಾಲ್ಕು ವರ್ಷ ಆ ಕೌಂಟರ್ ನಡೆಸಿದಳು. ದೇವದುರ್ಗದ ಇನ್‌ಚಾರ್ಜ್ ಜಾಗ ಖಾಲಿಯಾದಾಗ ಲ್ಯಾಬಿನ ಮಾಲೀಕರಾದ ಡಾಕ್ಟರ್ ಸಾಹೇಬರು ಆಕೆಯನ್ನೇ ಕಳಿಸಿದರು. ಹೋಗುವ ದಿನ ನಾನೇ ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ.

ದಿನಾ ಎಂಟು ಗಂಟೆಗೆ ನನಗೆ ಫೋನು. "ಮೇಡಂ, ಇವತ್ತೂ ಒಳಗ ಬಿಡವಲ್ದು ರೀ." ನಾನಿನ್ನೂ ಮನೆಯಲ್ಲಿ ಒಗ್ಗರಣೆ ಹಾಕುತ್ತಿರುತ್ತೇನೆ. ಆಫೀಸು ಸೇರಿ ಬೀಗ ತೆಗೆಯುವಷ್ಟರಲ್ಲಿ ಒಂಬತ್ತೂವರೆ. ಅಲ್ಲಿಯವರೆಗೆ ದೇವದುರ್ಗದಲ್ಲಿ ಹಳ್ಳಿಗಳಿಂದ ಬಂದವರು ರಿಪೋರ್ಟ್‌ಗಾಗಿ ಕಾಯುತ್ತಾರೆ. ರಿಪೋರ್ಟ್ ಕೈಗೆ ಬರದೆ ಅವರ ಡಾಕ್ಟರು ಔಷಧಿ ಬರೆಯುವುದಿಲ್ಲ. ಕಾದು ಕಾದು ಬೈಯುತ್ತಾರೆ. ಬೈಗುಳ ತಿನ್ನುವವಳು ಮಹಾದೇವಿ.

ನಾನೇನು ಮಾಡಿದೆ? ನಾನೂ ಬೈದೆ! "ಕ್ಯಾಪ್ಸ್ ಲಾಕ್ ನೋಡಿದ್ಯೇನವ್ವಾ?" ಅಂದೆ. "ನೋಡೀನ್ರೀ." ಕೀಬೋರ್ಡ್ ಬದಲಿಸಿದೆ. ಪಾಸ್‌ವರ್ಡ್ ಬದಲಿಸಿದೆ, ಮತ್ತೆ ಬದಲಿಸಿದೆ. "ಸಣ್ಣ ಚೀಟಿಮ್ಯಾಲೆ ಬರದು ಇಟ್ಟುಕೊಂಡು ತಪ್ಪು ಓದ್ತಿರಬೇಕು ನೀ" ಅಂತಲೂ ಅಂದೆ. ನನಗೆ ದಿನಾ ಬೆಳಿಗ್ಗೆ ಸರ್ವರ್‌ನಿಂದ ಒಂದು ಮೇಲ್ ಬರುತ್ತದೆ: ಇಂಥವರ ಹೆಸರು, ಮೂರು ತಪ್ಪು ಪ್ರಯತ್ನ, ಬೀಗ. ಹೆಸರು ಮಹಾದೇವಿಯದು. ಇನ್ನೇನು ಬೇಕು ಸಾಕ್ಷಿ? ಒಂದು ದಿನ ಸಿಟ್ಟು ನೆತ್ತಿಗೇರಿ ಲ್ಯಾಬಿನವರೆಲ್ಲ ಇರುವ ವಾಟ್ಸಾಪ್ ಗ್ರೂಪಿನಲ್ಲೇ ಹಾಕಿಬಿಟ್ಟೆ: "ಮಹಾದೇವಿ, ದಯವಿಟ್ಟು ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ." ಯಾರೋ ನಗುವ ಮುಖ ಹಾಕಿದರು.

ಗ್ರೂಪಿನಲ್ಲಿ ಡಾಕ್ಟರ್ ಸಾಹೇಬರೂ ಇದ್ದಾರಲ್ಲ. ಮರುದಿನವೇ ನನ್ನನ್ನು ಕರೆದರು.

"ಏನ್ರೀ ಇದು, ದಿನಾ ಅಕಿದ್ದೇ ಯಾಕ ಬಂದ್ ಆಗ್ತದ? ಅಕಿಗೆ ಆಗಂಗಿಲ್ಲ ಬಿಡ್ರಿ. ಸೋಮವಾರದಿಂದ ವಾಪಸ್ ಮಾನ್ವಿಗೆ ಕಳಸ್ರಿ, ಮೊದಲಿನ ಕೆಲಸಕ್ಕ. ದೇವದುರ್ಗಕ್ಕ ಬ್ಯಾರೆಯವ್ರನ್ನ ನೋಡೂಣು."

ಮಾನ್ವಿ ಕೌಂಟರಿಗೆ ಈಗ ಬೇರೆಯವರಿದ್ದಾರೆ, ಹಾಗಾಗಿ ಮೊದಲಿನ ಕೆಲಸ ಅಂದರೆ ಕಸಬರಿಗೆ, ಐಸ್ ಡಬ್ಬಿ. ಆ ಮೆಸೇಜ್ ಹಾಕಿದ ಬೆರಳು ನನ್ನದು. ಕಡೇ ಪಕ್ಷ ಆಕೆ ಎಲ್ಲಿ ತಪ್ಪುತ್ತಾಳೆ ಅಂತ ಎದುರಿಗೆ ಕೂತು ನೋಡಿ, ತಿದ್ದಿ, ಆ ಕುರ್ಚಿ ಉಳಿಸಬೇಕು ಅನ್ನಿಸಿತು. ಗುರುವಾರ ಸಂಜೆ ಆಕೆಗೆ ಹೊಸ ಪಾಸ್‌ವರ್ಡ್ ಮಾಡಿದೆ. ಅದನ್ನು ಆಕೆಗೂ ಹೇಳಲಿಲ್ಲ. ಶುಕ್ರವಾರ ಬಸ್ಸು ಹತ್ತಿದೆ.

ಎಂಟಕ್ಕೆ ಸರಿಯಾಗಿ ಮಹಾದೇವಿ ಬಂದಳು. ನನ್ನನ್ನು ಕಂಡು ಮುಖ ಸಣ್ಣದಾಯಿತು. ಸೋಮವಾರದ ಸುದ್ದಿ ಆಕೆಗೆ ಆಗಲೇ ಮುಟ್ಟಿತ್ತು. ಶಟರ್ ಎತ್ತಿದಳು, ಕಂಪ್ಯೂಟರ್ ಆನ್ ಮಾಡಿದಳು, ಕುರ್ಚಿ ನನ್ನ ಕಡೆ ಸರಿಸಿದಳು.

"ನೀವ ಹೊಡೀರಿ ಮೇಡಂ. ನಾ ಮುಟ್ಟಂಗಿಲ್ಲ."

ನಾನು ಕೂತೆ. ಆಕೆಯ ಹೆಸರು ಹೊಡೆದೆ. ನಾನೇ ಮಾಡಿದ, ನನಗೊಬ್ಬಳಿಗೇ ಗೊತ್ತಿದ್ದ ಪಾಸ್‌ವರ್ಡ್ ಹೊಡೆದೆ. ಒತ್ತಿದೆ.

ಬೀಗ ಬಿದ್ದಿತ್ತು!

ಮೊದಲ ಪ್ರಯತ್ನ. ಆಕೆ ಕೀಬೋರ್ಡ್ ಮುಟ್ಟಿಲ್ಲ. ಶಟರ್ ಎತ್ತಿ ಐದು ನಿಮಿಷ ಆಗಿಲ್ಲ. ಅದೇ ಕೀಬೋರ್ಡಿನಲ್ಲಿ ನನ್ನ ಹೆಸರು ಹೊಡೆದರೆ ಸಲೀಸಾಗಿ ಒಳಗೆ ಹೋಯಿತು. ಅಂದರೆ ಕೀಬೋರ್ಡ್ ಸರಿ, ಲೈನ್ ಸರಿ, ಮಹಾದೇವಿಯೂ ಸರಿ. ನಾನು ತಿರುಗಿ ನೋಡಿದೆ. ಆಕೆಯ ಕಣ್ಣು ತುಂಬಿತ್ತು.

"ಒಂದೂವರಿ ತಿಂಗಳಿಂದ ಹೇಳಾಕತ್ತೀನ್ರೀ ಮೇಡಂ. ನಾ ಒಂದ ಸಲಾನೂ ತಪ್ಪು ಹೊಡದಿಲ್ಲ. ನಾ ಬರೂದ್ರಾಗ ಬಂದ್ ಆಗಿರ್ತದ."

ಹೌದು, ಹೇಳಿದ್ದಳು. ಅದೇ ಮಾತು, ಅದೇ ಪದಗಳಲ್ಲಿ. ನಾನು ಕೇಳಿಸಿಕೊಂಡಿದ್ದು 'ಬಂದ್ ಆಗ್ಯಾದ' ಅನ್ನುವುದೊಂದೇ. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಆಕೆ ತರಿಸಿದ ಚಹಾವನ್ನು ಅಲ್ಲೇ ಆರಲು ಬಿಟ್ಟೆ. ಅವತ್ತಿನ ರಿಪೋರ್ಟುಗಳನ್ನೆಲ್ಲ ನನ್ನ ಲಾಗಿನ್ನಿನಲ್ಲೇ ತೆಗೆದುಕೊಟ್ಟು ಮುಂದಿನ ಬಸ್ಸಿಗೆ ರಾಯಚೂರಿಗೆ ಓಡಿದೆ.

ಮೇಜಿಗೆ ಕೂತು ಮೊದಲು ಬೀಗ ತೆಗೆದೆ. ಆಮೇಲೆ ಸರ್ವರ್‌ನ ಪೂರ್ತಿ ಲಾಗ್ ತೆಗೆದೆ. ದಿನಾ ಬರುವ ಮೇಲ್ ಅದರ ಸಾರಾಂಶ ಅಷ್ಟೇ. ಪೂರ್ತಿ ಲಾಗ್‌ನಲ್ಲಿ ಎಷ್ಟು ಹೊತ್ತಿಗೆ ಯಾರ ಹೆಸರು ಬಿತ್ತು, ಯಾವ ಕಂಪ್ಯೂಟರಿನಿಂದ ಬಿತ್ತು, ಎಲ್ಲ ಇರುತ್ತದೆ. ಬೆಳಿಗ್ಗೆ ಏಳು ಗಂಟೆ ನಾಲ್ಕು ನಿಮಿಷ, ಮಹಾದೇವಿ, ತಪ್ಪು. ಮತ್ತೆ ತಪ್ಪು. ಮತ್ತೆ ತಪ್ಪು. ಹಿಂದಿನ ದಿನ ಏಳು ಗಂಟೆ ಮೂರು ನಿಮಿಷ, ಹಾಗೇ ಮೂರು. ಭಾನುವಾರ ಬಿಟ್ಟು ಪ್ರತಿ ದಿನ, ಒಂದೂವರೆ ತಿಂಗಳು. ಕಂಪ್ಯೂಟರ್ ಯಾವುದು? ಮಾನ್ವಿ ಕೌಂಟರಿನದು.

ಮಾನ್ವಿ! ಈಗ ನನ್ನ ತಲೆ ಓಡಿದ್ದೇ ಓಡಿದ್ದು. ಯಾರೋ ಆಕೆಯ ಹೆಸರಲ್ಲಿ ಒಳಗೆ ನುಗ್ಗಲು ನೋಡುತ್ತಿದ್ದಾರೆ. ಆಕೆ ಇನ್‌ಚಾರ್ಜ್ ಆಗಿದ್ದು ಹೊಟ್ಟೆಕಿಚ್ಚಾಗಿರಬೇಕು. ಬೇಕಂತಲೇ ಬೀಗ ಹಾಕಿಸಿ ಕೆಳಗಿಳಿಸುವ ಸಂಚು. (ನನ್ನ ತಲೆಗೆ ಸಂಚುಗಳು ಬೇಗ ಹೊಳೆಯುತ್ತವೆ, ಸರಳ ಕಾರಣಗಳು ತಡವಾಗಿ.) ಯಾರಿಗೂ ಹೇಳಲಿಲ್ಲ. ಮಹಾದೇವಿಗೆ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಹೇಳಿದೆ. ಶನಿವಾರ ಮತ್ತೆ ಮೊದಲ ಬಸ್ಸು, ಈ ಸಲ ಮಾನ್ವಿಗೆ.

ಏಳು ಗಂಟೆಗೆ ಅಲ್ಲಿ ಕೌಂಟರ್ ತೆರೆಯುತ್ತದೆ. ಹಸಿದ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಬರುವವರು ಬೇಗ ಬರುತ್ತಾರಲ್ಲ, ಅದಕ್ಕೆ. ತೆರೆಯುವವರು ಅಲ್ಲಿ ರಕ್ತ ತೆಗೆಯುವ ವಿರೂಪಾಕ್ಷಪ್ಪ; ಮಹಾದೇವಿ ಹೋದ ಮೇಲೆ ಕೌಂಟರೂ ಅವರದೇ. ವಯಸ್ಸು ಐವತ್ತೈದರ ಮೇಲೆ, ಹಣೆ ತುಂಬ ವಿಭೂತಿ. ಕೂಸು ಅಳದ ಹಾಗೆ ಸೂಜಿ ಹಾಕುವ ಕೈ ಅವರದು. ಈ ಮನುಷ್ಯ ಸಂಚು ಮಾಡುವುದೇ?

"ಬರ್ರಿ ಬರ್ರಿ ಮೇಡಂ, ಇಷ್ಟು ಲಗೂನ? ಚಾ ತರಸ್ಲಿ?"

"ನಿಮ್ಮ ಕೆಲಸ ನಡಸ್ರಿ. ನಾ ಸುಮ್ನ ಕೂಡ್ತೀನಿ."

ಅವರು ನಡೆಸಿದರು. ಗೋಡೆಯ ಫೋಟೋಗೆ ಊದಿನಕಡ್ಡಿ ಬೆಳಗಿದರು. ಅದೇ ಕಡ್ಡಿಯನ್ನು ಮಾನಿಟರ್ ಸುತ್ತ ಆಡಿಸಿದರು. ಕುರ್ಚಿಗೆ ಕೂತು ಒಂದೊಂದೇ ಅಕ್ಷರ ಹುಡುಕಿ 'ಮಹಾದೇವಿ' ಅಂತ ಹೊಡೆದರು. ಕೆಳಗೆ ಹಳೆಯ ಪಾಸ್‌ವರ್ಡ್ ತಾನಾಗಿಯೇ ತುಂಬಿಕೊಂಡಿತು, ನಾಲ್ಕು ವರ್ಷ ಆಕೆ ಕೂತ ಕಂಪ್ಯೂಟರ್ ಅಲ್ಲವೇ. ಒತ್ತಿದರು. ಕೆಂಪು ಅಕ್ಷರ. ಮತ್ತೆ ಒತ್ತಿದರು. ಮತ್ತೆ ಕೆಂಪು. ಮೂರನೆಯದಕ್ಕೆ ಬೆರಳು ಎತ್ತಿದಾಗ ನಾನು ಜಿಗಿದು ಕೈ ಹಿಡಿದೆ.

"ಏನ್ ಮಾಡಾಕತ್ತೀರಿ ನೀವು?"

"ಬೋಣಿ ರೀ ಮೇಡಂ!" ಅಂದರು, ಇದೆಂಥ ಪ್ರಶ್ನೆ ಅನ್ನುವ ಹಾಗೆ.

ಬೋಣಿ. ನಮ್ಮ ಕಡೆ ಯಾವ ಅಂಗಡಿಗೆ ಹೋದರೂ ದಿನದ ಮೊದಲ ವ್ಯವಹಾರಕ್ಕೆ ಆ ಹೆಸರು. ಅದು ಕೈಗುಣ ಒಳ್ಳೆಯದಿರುವವರಿಂದ ಆದರೆ ಇಡೀ ದಿನ ಚೆನ್ನಾಗಿ ನಡೆಯುತ್ತದೆ ಅನ್ನುವ ನಂಬಿಕೆ. ತರಕಾರಿ ಗಾಡಿಯಿಂದ ರೈಸ್ ಮಿಲ್ಲಿನವರೆಗೆ ಎಲ್ಲ ಕಡೆ ಇದೆ. ಡೇಟಾಬೇಸಿಗೂ ಇದೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

"ಮಹಾದೇವಿ ಕೈಗುಣ ಭಾಳ ಚೊಲೊ ರೀ" ಅಂದರು ವಿರೂಪಾಕ್ಷಪ್ಪ. "ಅಕಿ ಈ ಕುರ್ಚಿಗೆ ಕೂತ ಮ್ಯಾಲೇ ಇಲ್ಲಿ ಮಂದಿ ಕಂಡದ್ದು. ಅಕಿ ದೇವದುರ್ಗಕ್ಕ ಹೋದ್ಲು. ಹೆಸರಾದ್ರೂ ಇಲ್ಲಿರ್ಲಿ ಅಂತ ದಿನಾ ಮೊದ್ಲು ಅಕಿ ಹೆಸರ್ಲೇ ಒತ್ತತೀನಿ, ಆಮ್ಯಾಲೆ ನಂದು."

"ತೆರಿತದೇನು ಅದು?"

"ಎಲ್ಲಿ ತೆರಿತದ್ರೀ. ಏನೋ ಕೆಂಪಗ ಇಂಗ್ಲಿಷಿನಾಗ ಬರ್ತದ. ಮೂರು ಸಲ ಒತ್ತಿ, ಕೈ ಮುಗದು ಬಿಡ್ತೀನಿ. ನಮ್ಮ ನೇಮ ನಾವು ಮಾಡಿದ್ವಿ."

"ಮೂರ ಯಾಕ್ರೀ?"

"ಎರಡಕ್ಕ ಬಿಟ್ರ ಹೆಂಗ್ರೀ ಮೇಡಂ, ಶುಭ ಕೆಲಸ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೂವರೆ ತಿಂಗಳು ಈ ಮನುಷ್ಯ ಪ್ರೀತಿಯಿಂದ, ಭಕ್ತಿಯಿಂದ, ಊದಿನಕಡ್ಡಿ ಬೆಳಗಿ ಆಕೆಯ ಹೆಸರಿಗೆ ಬೀಗ ಹಾಕುತ್ತಿದ್ದರು. ಆಕೆಯ ಕೈಗುಣವೇ ಆಕೆಯ ಕುರ್ಚಿಗೆ ಕುತ್ತಾಗಿತ್ತು. ವಿಷಯ ಬಿಡಿಸಿ ಹೇಳಿದೆ. ವಿರೂಪಾಕ್ಷಪ್ಪನವರ ಮುಖ ಬಿಳಿಚಿಕೊಂಡಿತು. "ಯವ್ವಾ, ನನ್ನಿಂದ ಅಕಿ ಕೆಲಸ ಹೋಗಾಕತ್ತಿತ್ತೇನ್ರೀ!" ಅಂತ ಕುರ್ಚಿಯಿಂದ ಎದ್ದೇಬಿಟ್ಟರು.

ಆಕೆಯ ಕೆಲಸ ಇನ್ನೂ ಅಪಾಯದಿಂದ ಪಾರಾಗಿರಲಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಎರಡು ತಪ್ಪು ಆಗಲೇ ಬಿದ್ದಿತ್ತು. ಆಕೆಗೆ ಉಳಿದಿದ್ದು ಒಂದೇ ಪ್ರಯತ್ನ. ಎಂಟಕ್ಕೆ ಮಹಾದೇವಿ ಒಂದೇ ಒಂದು ಅಕ್ಷರ ತಪ್ಪಿದರೂ ಮತ್ತೆ ಬೀಗ. ನಾನು ಬೀಗ ತೆಗೆಯಬೇಕಾದ ಮೇಜಿನಿಂದ ದೂರ ಮಾನ್ವಿಯಲ್ಲಿ ಕೂತಿದ್ದೇನೆ. ಶನಿವಾರವೂ ಬೀಗ ಬಿತ್ತೆಂದು ಡಾಕ್ಟರ್ ಸಾಹೇಬರಿಗೆ ಗೊತ್ತಾದರೆ ನನ್ನ ಬೋಣಿಯ ಕಥೆಯನ್ನು ಯಾರು ನಂಬುತ್ತಾರೆ? ಫೋನ್ ಮಾಡಿ 'ಹುಷಾರು, ಒಂದೇ ಚಾನ್ಸ್' ಅನ್ನಲೇ? ಅಂದರೆ ಆಕೆ ಹೆದರಿ ತಪ್ಪು ಹೊಡೆದಾಳು. ಅನ್ನದಿದ್ದರೆ? ನಾನು ಅನ್ನಲಿಲ್ಲ. ಒಂದು ಸಲವೂ ತಪ್ಪು ಹೊಡೆದಿಲ್ಲ ಅಂತ ಆಕೆ ಹೇಳಿದ್ದಳು. ಈ ಸಲ ನಂಬೋಣ ಅಂದುಕೊಂಡೆ.

ಏಳೂವರೆ. ಏಳು ಮುಕ್ಕಾಲು. ರಕ್ತ ಕೊಡಲು ಬಂದವರು ನನ್ನ ಮುಖ ನೋಡಿ, ಇವಳಿಗೇ ಏನೋ ಕಾಯಿಲೆ ಅಂದುಕೊಂಡಿರಬೇಕು. ಎಂಟು. ಎಂಟೂ ಎರಡು.

ಫೋನ್ ಬಂತು.

"ಆತ್ರೀ ಮೇಡಂ! ಒಂದ ಸಲಕ್ಕ ಆತು! ತೆರೀತು ರೀ!"

ಆ ದನಿ ಸ್ಪೀಕರ್ ಹಾಕದೆಯೇ ಕೌಂಟರಿನವರಿಗೆಲ್ಲ ಕೇಳಿಸಿತು. ವಿರೂಪಾಕ್ಷಪ್ಪ ಕೈ ಮುಗಿದರು. ನಾನು ಎದ್ದು ಚಪ್ಪಾಳೆ ಹೊಡೆದೆ. ಯಾಕೆಂದು ತಿಳಿಯದ ಇಬ್ಬರು ಪೇಷಂಟುಗಳೂ ಹೊಡೆದರು!

ಅಲ್ಲಿಂದಲೇ ಡಾಕ್ಟರ್ ಸಾಹೇಬರಿಗೆ ಫೋನ್ ಹಚ್ಚಿದೆ. ಲಾಗ್‌ನ ಫೋಟೋ ಕಳಿಸಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. "ಅಕಿ ಅಲ್ಲೇ ಇರ್ಲಿ" ಅಂದರು. ಅಷ್ಟಕ್ಕೆ ಬಿಡಲಿಲ್ಲ ನಾನು. ಬೈದದ್ದು ಎಲ್ಲರೆದುರಿಗೆ ತಾನೇ? ಅದೇ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಮಹಾದೇವಿ ಒಂದು ಸಲವೂ ತಪ್ಪು ಪಾಸ್‌ವರ್ಡ್ ಹೊಡೆದಿಲ್ಲ. ತಪ್ಪು ನನ್ನದು. ಕ್ಷಮೆ ಇರಲಿ." ಬಸ್ಸಿನಲ್ಲಿ ರಾಯಚೂರಿಗೆ ವಾಪಸಾಗುವಾಗ ಅದನ್ನು ಹತ್ತು ಸಲ ತೆಗೆದು ಓದಿದೆ. ಸೋತದ್ದಕ್ಕೆ ಇಷ್ಟು ಖುಷಿಯಾಗುತ್ತದೆಂದು ಗೊತ್ತಿರಲಿಲ್ಲ.

ಇನ್ನು ಬೋಣಿಯ ಪ್ರಶ್ನೆ. ವಿರೂಪಾಕ್ಷಪ್ಪನವರಿಗೆ ಅದೇ ಚಿಂತೆ. ಮಹಾದೇವಿಯೇ ದಾರಿ ಹುಡುಕಿದಳು. ಈಗ ದಿನಾ ಏಳಕ್ಕೆ ಆಕೆ ಮಾನ್ವಿಗೆ ಫೋನ್ ಮಾಡಿ "ಸುರು ಮಾಡ್ರೀ ಅಣ್ಣಾ" ಅನ್ನುತ್ತಾಳೆ. ಅವರು ತಮ್ಮದೇ ಹೆಸರು ಹೊಡೆದು ಒಳಗೆ ಹೋಗುತ್ತಾರೆ. ಉಳಿದಿದ್ದ ಹಳೆಯ ಪಾಸ್‌ವರ್ಡನ್ನು ನಾನು ಅಳಿಸಿ ಬಂದಿದ್ದೇನೆ. ನಮ್ಮ ಜನ ಮನೆಯ ಕೀಲಿಯನ್ನೇ ಪಕ್ಕದ ಮನೆಯಲ್ಲಿ ಕೊಟ್ಟು ಊರಿಗೆ ಹೋಗುವವರು. ಅವರಿಗೆ ಪಾಸ್‌ವರ್ಡ್ ಗುಟ್ಟು ಅಂತ ಭಾಷಣ ಬಿಗಿದು ಪ್ರಯೋಜನವೇನು? ಅವರಿಗೆ ಬೇಕಾದದ್ದನ್ನು ಇನ್ನೊಂದು ದಾರಿಯಲ್ಲಿ ಕೊಟ್ಟುಬಿಡುವುದು ಮೇಲು.

ಈ ಮಂಗಳವಾರ ಮೀಟಿಂಗ್‌ಗೆ ಮಹಾದೇವಿ ರಾಯಚೂರಿಗೆ ಬಂದಿದ್ದಳು. ಹೊಸ ಸೀರೆ, ಬಗಲಿಗೆ ಬ್ಯಾಗು, ಇನ್‌ಚಾರ್ಜ್ ಗತ್ತು. ನನ್ನ ಮೇಜಿನ ಮುಂದೆ ಕೂತು ಚಹಾ ಕುಡಿದಳು. ಲಾಗ್ ನೋಡುವುದು ಹೇಗೆಂದು ಕೇಳಿದಳು, ತೋರಿಸಿದೆ, ಒಂದೇ ಸಲಕ್ಕೆ ತಿಳಿದುಕೊಂಡಳು. ಎರಡು ನಿಮಿಷದ ಕೆಲಸ ಅದು. ಪರದೆಯನ್ನೇ ನೋಡುತ್ತಾ, ನಗುತ್ತಲೇ ಕೇಳಿದಳು:

"ಮೇಡಂ, ಡಾಕ್ಟರ್ ಸಾಹೇಬ್ರ ಲಾಗಿನ್ ಹಿಂಗ ಬಂದ್ ಆಗಿದ್ರ, ಇದನ್ನ ಎಷ್ಟನೇ ದಿನಕ್ಕ ತಗದು ನೋಡ್ತಿದ್ರಿ?"