ಲಿಫ್ಟಣ್ಣನ ಇಪ್ಪತ್ತು ನಿಮಿಷ

ಲಿಫ್ಟಣ್ಣ ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಮಾಡಿದ ಪ್ರಯಾಣವನ್ನೆಲ್ಲ ಉದ್ದಕ್ಕೆ ಜೋಡಿಸಿದರೆ, ಚಂದ್ರನಲ್ಲಿಗೆ ಹೋಗಿ, ಅಲ್ಲಿ ಇಳಿಯುವವರು ಯಾರೂ ಇಲ್ಲವೆಂದು ಬೇಜಾರಾಗಿ ವಾಪಸು ಬಂದು, ಮರೆತ ಕೊಡೆ ತರಲು ಇನ್ನೊಮ್ಮೆ ಹೋಗಿಬರಬಹುದಾಗಿತ್ತು. ಏಳು ಮಹಡಿಯ ಆ ಹಳೆಯ ಕಚೇರಿ ಕಟ್ಟಡಕ್ಕೆ ಇದ್ದದ್ದು ಒಂದೇ ಲಿಫ್ಟು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ. ಹಿಡಿಯನ್ನು ಒಂದು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೂ ಲಿಫ್ಟು ಮಹಡಿಗಿಂತ ಮೊಳ ಮೇಲೆ ನಿಂತು, ಒಳಗಿದ್ದವರು ಹಾರಿ ಇಳಿಯಬೇಕಾಗುತ್ತಿತ್ತು. ಅದನ್ನು ನೆಲಕ್ಕೆ ಸಮನಾಗಿ, ಹಸುಗೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನಿಲ್ಲಿಸುವ ವಿದ್ಯೆ ಇಬ್ಬರಿಗೆ ಗೊತ್ತಿತ್ತು. ಒಬ್ಬ ಲಿಫ್ಟಣ್ಣ, ಇನ್ನೊಬ್ಬ ಅವನ ಜೊತೆಗಾರ. ಜೊತೆಗಾರ ನಿವೃತ್ತನಾದ. ಅವನ ಜಾಗಕ್ಕೆ ಬೇರೆಯವರನ್ನು 'ಸದ್ಯದಲ್ಲೇ' ಹಾಕುತ್ತೇವೆಂದು ಮ್ಯಾನೇಜರು ಹೇಳಿ ನಾಲ್ಕು ವರ್ಷವಾಗಿತ್ತು.

ಆ ನಾಲ್ಕು ವರ್ಷದಲ್ಲಿ ಲಿಫ್ಟಣ್ಣ ಕಳೆದುಕೊಂಡದ್ದು ಮಧ್ಯಾಹ್ನದ ಊಟದ ಹೊತ್ತು. ಕ್ಯಾಂಟೀನು ಇದ್ದದ್ದು ಏಳನೇ ಮಹಡಿಯಲ್ಲಿ. ಒಂದು ಗಂಟೆ ಹೊಡೆಯಿತೆಂದರೆ ಇಡೀ ಕಟ್ಟಡದ ಹೊಟ್ಟೆ ಒಟ್ಟಿಗೆ ಚುರುಗುಟ್ಟಿ ಲಿಫ್ಟಿನ ಮುಂದೆ ಸಾಲು ನಿಲ್ಲುತ್ತಿತ್ತು. ಅಷ್ಟು ಜನರನ್ನು ಊಟಕ್ಕೆ ಹತ್ತಿಸಿ, ಉಂಡವರನ್ನು ಇಳಿಸಿ, ಕೈ ಒರೆಸಿಕೊಂಡು ತನ್ನ ಡಬ್ಬಿ ಬಿಚ್ಚುವಾಗ ಎರಡೂಮುಕ್ಕಾಲು.

ಇಷ್ಟೇ ಆಗಿದ್ದರೆ ಹಸಿವನ್ನು ಬೈದುಕೊಂಡು ಇದ್ದುಬಿಡುತ್ತಿದ್ದ. ಆದರೆ ಅವನಿಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷದ್ದು. ಮಾತ್ರೆಗಳು ಸೋತು, ಹೋದ ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುವಂತಾಗಿತ್ತು. ಮಧ್ಯಾಹ್ನದ್ದನ್ನು ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು ಎಂದು ಡಾಕ್ಟರಮ್ಮ ಮೂರು ಸಲ ಹೇಳಿದ್ದರು.

ಕಾಯಿಲೆ ಅವನದಾದರೂ ಅದರ ಯಜಮಾನಿಕೆ ಕಟ್ಟಡದವರದಾಗಿತ್ತು. ಲಿಫ್ಟಿನೊಳಗೆ ಬಂದು ನಿಂತವರಿಗೆ ಗೋಡೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಗೋಡೆ ಸಾಕಾದಾಗ ಲಿಫ್ಟಣ್ಣನನ್ನು ನೋಡುತ್ತಿದ್ದರು.

"ಏನಣ್ಣಾ, ಶುಗರ್ ಎಷ್ಟಿದೆ ಈಗ?" ಎರಡನೇ ಮಹಡಿಯ ಟೈಪಿಸ್ಟ್ ಅಕ್ಕ ಶುರುಮಾಡುತ್ತಿದ್ದಳು. "ಕಹಿ ಕಹಿ ಇರೋದನ್ನೆಲ್ಲ ತಿನ್ನಬೇಕು ನೀವು. ನಮ್ಮ ಮಾವ ಬರೀ ಕಹಿ ತಿಂದೇ ವಾಸಿ ಮಾಡ್ಕೊಂಡ್ರು."

"ಈಗ ಹೇಗಿದಾರಕ್ಕಾ ನಿಮ್ಮ ಮಾವ?"

"ಹೋದ್ರು. ಆದ್ರೆ ಶುಗರ್‌ನಿಂದಲ್ಲ."

ನಾಲ್ಕನೇ ಮಹಡಿಯ ಗುಮಾಸ್ತ ನಡಿಗೆಯ ಪಕ್ಷದವನು. "ಹತ್ತು ಸಾವಿರ ಹೆಜ್ಜೆ ಹಾಕ್ಬೇಕಪ್ಪಾ ದಿನಾ. ನೀನು ನೋಡಿದ್ರೆ ಯಾವಾಗಲೂ ಕೂತೇ ಇರ್ತೀಯ!" ಎಂದು, ಮೂರರಿಂದ ನಾಲ್ಕಕ್ಕೆ ಹೋಗಲು ಲಿಫ್ಟು ಹತ್ತಿದವನು ಹೇಳುತ್ತಿದ್ದ. ಒಬ್ಬರು ಅನ್ನ ಬಿಡು ಎಂದರೆ ಇನ್ನೊಬ್ಬರು ಚಿಂತೆ ಬಿಡು ಎನ್ನುತ್ತಿದ್ದರು. ಕಣ್ಣು ಮುಚ್ಚಿ ಉಸಿರು ಬಿಡು ಎಂದವರೂ ಇದ್ದರು. ಲಿಫ್ಟಿನ ಗೋಡೆಗೆ 'ಆರು ಜನರಿಗೆ ಮಾತ್ರ' ಎಂಬ ತಗಡು ಹೊಡೆದಿತ್ತು. ಸಲಹೆಗಳನ್ನೂ ತೂಕಕ್ಕೆ ಹಿಡಿದಿದ್ದರೆ ಹಗ್ಗ ಹರಿದು ಲಿಫ್ಟು ಪಾತಾಳ ಸೇರಿ ಎಷ್ಟೋ ಕಾಲವಾಗಿರುತ್ತಿತ್ತು.

ಇಷ್ಟು ಜನರಲ್ಲಿ 'ನೀನು ಒಂದು ಗಂಟೆಗೆ ಉಣ್ಣು, ನಾವು ಮೆಟ್ಟಿಲು ಹತ್ತುತ್ತೇವೆ' ಎಂದವನು ಒಬ್ಬನೂ ಇರಲಿಲ್ಲ.

ಒಂದು ದಿನ ಅವನು ಡಾಕ್ಟರಮ್ಮನ ಮಾತಿಗೆ ಕಟ್ಟುಬಿದ್ದು ಹನ್ನೆರಡೂಮುಕ್ಕಾಲಿಗೆ ಚುಚ್ಚಿಕೊಂಡ. ಡಬ್ಬಿ ಬಿಚ್ಚುವಷ್ಟರಲ್ಲಿ ಆರನೇ ಮಹಡಿಯ ಕರೆಗಂಟೆ ಹೊಡೆಯಿತು. ಬಳಿಕ ಐದರದು. ಆಮೇಲೆ ಸಾಲೇ ಬಂತು. ಒಂದೂಕಾಲಿಗೆ ಅವನ ಕೈ ನಡುಗತೊಡಗಿತು. ಅಂಗಿ ನೆನೆದು ಬೆನ್ನಿಗಂಟಿತು. ನಾಲ್ಕು ಎಂದವರನ್ನು ಏಳಕ್ಕೆ ಒಯ್ದ; ಏಳು ಎಂದವರನ್ನು ಮೂರೂವರೆಯಲ್ಲಿ, ಬರೀ ಗೋಡೆಯ ಎದುರು ನಿಲ್ಲಿಸಿ "ಇಳೀರಿ" ಎಂದ. ನಾಲಿಗೆ ತೊದಲಿತು. ಹೇಗೋ ಕೆಳಗಿಳಿಸಿ ಜಾಲರಿ ಎಳೆದವನು ಅಲ್ಲೇ ಕುಸಿದು ಕೂತ.

"ಕುಡಿದಿದಾನೆ!" ಎಂದ ಗುಮಾಸ್ತ. ಇಬ್ಬರು ಬಗ್ಗಿ ಅವನ ಬಾಯಿ ಮೂಸಿದರು. ವಾಸನೆ ಬರಲಿಲ್ಲ; ಬಾರದ್ದರಿಂದ ಅನುಮಾನ ಇನ್ನೂ ಬಲವಾಯಿತು.

ಕಟ್ಟಡ ಗುಡಿಸುವ ದೊಡ್ಡಕ್ಕ ಮಾತ್ರ ಪೊರಕೆ ಬಿಸಾಡಿ ಓಡಿಬಂದಳು. ಅವಳ ತಮ್ಮನಿಗೂ ಇದೇ ಕಾಯಿಲೆ. ಚಹಾ ಮಾಡುವ ಕಟ್ಟೆಯಿಂದ ಒಂದು ಹಿಡಿ ಸಕ್ಕರೆ ಬಾಚಿ ತಂದು ಅವನ ಬಾಯಿಗೆ ತುರುಕಿದಳು.

"ಅಯ್ಯಯ್ಯೋ! ಶುಗರ್ ಇರೋನಿಗೆ ಸಕ್ಕರೆ ತಿನ್ನಿಸ್ತಿದಾಳೆ! ಕೊಂದುಬಿಡ್ತಾಳೆ!" ಎಂದು ಟೈಪಿಸ್ಟ್ ಅಕ್ಕ ಕಿರುಚಿದಳು.

"ನೀವು ಸುಮ್ನಿರಿ ಒಂಚೂರು. ರಕ್ತದಲ್ಲಿರೋ ಸಕ್ಕರೆ ಪೂರ್ತಿ ಕೆಳಗೆ ಬಿದ್ದಿದೆ ಅವರಿಗೆ. ಗಾಳಿ ಬಿಡಿ," ಎಂದಳು ದೊಡ್ಡಕ್ಕ. ಹತ್ತು ನಿಮಿಷಕ್ಕೆ ಲಿಫ್ಟಣ್ಣನ ಕಣ್ಣಿಗೆ ಜನ ಜನರಂತೆ ಕಂಡರು. ಅಷ್ಟರಲ್ಲಿ 'ಕೆಲಸದ ಸಮಯದಲ್ಲಿ ಅಮಲಿನಲ್ಲಿದ್ದ ಬಗ್ಗೆ' ಎಂಬ ಕಾಗದ ಮ್ಯಾನೇಜರ ಮೇಜಿನ ಮೇಲೆ ಟೈಪಾಗುತ್ತಿತ್ತು. ದೊಡ್ಡಕ್ಕ ಸಾಕ್ಷಿ ನುಡಿದದ್ದರಿಂದ ಕಾಗದ ಹರಿದರು. ಆದರೆ "ಇನ್ನೊಂದ್ಸಲ ಹೀಗಾಗ್ಬಾರ್ದು ನೋಡು," ಎಂದರು ಮ್ಯಾನೇಜರು.

ಹೀಗಾಗದಿರಲು ಲಿಫ್ಟಣ್ಣನಿಗೆ ಕಂಡದ್ದು ಒಂದೇ ದಾರಿ. ಮಧ್ಯಾಹ್ನದ ಇಂಜೆಕ್ಷನ್ ಬಿಟ್ಟ. ಅವನಿಗೆ ಕಾಯಿಲೆಗಿಂತ ಆ ಮೂಸುವ ಮೂಗುಗಳ ಭಯ ದೊಡ್ಡದಾಗಿತ್ತು.

ಐದು ತಿಂಗಳಾದ ಮೇಲೆ ಡಾಕ್ಟರಮ್ಮ ರಕ್ತದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಕಿ ನೋಡಿದರು.

"ಎಡಗಣ್ಣಿನ ಹಿಂದೆ ರಕ್ತ ಜಿನುಗಿದೆ. ಹೀಗೇ ಬಿಟ್ರೆ ಒಂದೆರಡು ವರ್ಷದಲ್ಲಿ ಮಹಡಿ ನಂಬರು ಕಾಣ್ಸಲ್ಲ ನಿಮಗೆ. ನಿಮ್ಮ ಮೇಲೆ ನಿಮಗೇ ಕಾಳಜಿ ಇಲ್ಲ ಅಂದ್ರೆ ನಾನೇನು ಮಾಡ್ಲಿ?"

ಲಿಫ್ಟಣ್ಣನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. "ಕಾಳಜಿ ಇದೆ ಮೇಡಂ. ಹೊತ್ತಿಲ್ಲ. ಒಂದು ಗಂಟೆಗೆ ಊಟಕ್ಕೆ ಬಿಡಿ ಅಂತ ಬರ್ದುಕೊಡಿ."

ಡಾಕ್ಟರಮ್ಮ ಬರೆದುಕೊಟ್ಟರು: 'ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಊಟ ಮಾಡತಕ್ಕದ್ದು.' ಮ್ಯಾನೇಜರು ಅದನ್ನು ಓದಿ ವಾಪಸು ಕೊಟ್ಟರು.

"ಇದು ನಿನಗೆ ಬರೆದಿರೋದಪ್ಪಾ, ನನಗಲ್ಲ. ಮಾಡತಕ್ಕದ್ದು ಅಂದಿದಾರೆ, ಮಾಡು. ನಿನ್ನ ಕಾಯಿಲೆ ನಿನ್ನ ಸ್ವಂತ ವಿಷಯ, ಅದರಲ್ಲಿ ನಾನು ತಲೆ ಹಾಕಲ್ಲ."

ಮನೆಯಲ್ಲಿ ಹೆಂಡತಿ ಡಬ್ಬಿಯಲ್ಲಿ ಮಿಕ್ಕದ್ದನ್ನು ನೋಡಿ ಸಿಡಿದಳು. "ಬೆಳಗ್ಗೆ ಐದಕ್ಕೆದ್ದು ಸೊಪ್ಪು ಬಿಡಿಸಿ, ಕಾಳು ಬೇಯಿಸಿ ಕಟ್ಟಿಕೊಡ್ತೀನಿ. ನೀವು ಅದನ್ನ ಮೂರು ಗಂಟೆಗೆ ಶಾಸ್ತ್ರಕ್ಕೆ ಮುಟ್ಟಿ ತರ್ತೀರಿ. ನಾಳೆ ಕಣ್ಣು ಹೋದ್ರೆ ಕೈ ಹಿಡ್ಕೊಂಡು ಓಡಾಡಿಸೋಳು ಯಾರು, ನಿಮ್ಮ ಮ್ಯಾನೇಜರಾ?"

"ನನ್ನ ಬೈದ್ರೆ ಏನು ಬಂತು?"

"ಅವರನ್ನ ನಾನು ಬೈಯೋಕಾಗುತ್ತೇನ್ರೀ? ನೀವು ಬೈಯಬೇಕು!"

ಬೈಯುವ ಕಲೆ ಅವನಿಗೆ ಒಲಿದಿರಲಿಲ್ಲ. ಮರುವಾರ ಲಿಫ್ಟಿಗೆ ಎಣ್ಣೆ ಬಿಡುವ ಮೆಕ್ಯಾನಿಕ್ ಬಂದ, ಅದೂ ಸರಿಯಾಗಿ ಒಂದು ಗಂಟೆಗೆ. ಜಾಲರಿಗೆ ಒಂದು ಹಲಗೆ ತೂಗುಹಾಕಿದ: 'ದುರಸ್ತಿ ನಡೆಯುತ್ತಿದೆ. ಸಹಕರಿಸಿ.' ಸಾಲು ಬಂತು, ಹಲಗೆ ಓದಿತು, ಒಂದು ಗೊಣಗಾಟವೂ ಇಲ್ಲದೆ ಮೆಟ್ಟಿಲ ಕಡೆ ತಿರುಗಿತು. ಹತ್ತು ಸಾವಿರ ಹೆಜ್ಜೆಯ ಗುಮಾಸ್ತ ಕೂಡ ಏದುಸಿರು ಬಿಡುತ್ತ ಹತ್ತಿದ.

"ಪಾಪ, ಹಳೇ ಲಿಫ್ಟು," ಎಂದಳು ಟೈಪಿಸ್ಟ್ ಅಕ್ಕ. "ಅದಕ್ಕೂ ಸ್ವಲ್ಪ ರೆಸ್ಟ್ ಬೇಕಲ್ವಾ?"

ಅದಕ್ಕೂ! ಆ ಒಂದು ಮಾತು ಲಿಫ್ಟಣ್ಣನ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಕಬ್ಬಿಣದ ಡಬ್ಬಕ್ಕೆ 'ಪಾಪ', ಅದರೊಳಗಿನ ಮನುಷ್ಯನಿಗೆ 'ಕಹಿ ತಿನ್ನು'. ಅವನು ಹಲ್ಲು ಕಡಿದ ಸದ್ದಿಗೆ ಮೆಕ್ಯಾನಿಕ್ಕು ಹಲ್ಲುಚಕ್ರ ಸವೆದಿದೆಯೆಂದು ಇನ್ನೊಂದು ಸುತ್ತು ಎಣ್ಣೆ ಬಿಟ್ಟ.

ಮೆಕ್ಯಾನಿಕ್ಕು ಹಲಗೆ ಮರೆತು ಹೋದ. ಮರುದಿನ ಒಂದು ಗಂಟೆಗೆ ಸರಿಯಾಗಿ ಲಿಫ್ಟಣ್ಣ ಅದನ್ನು ಕೆಳಮಹಡಿಯ ಹೊರಜಾಲರಿಗೆ ತೂಗುಹಾಕಿ, ಲಿಫ್ಟನ್ನು ನೆಲಮಾಳಿಗೆಗೆ ಇಳಿಸಿದ. ಅಲ್ಲಿ ಕಾಲು ಮುರಿದ ಕುರ್ಚಿಗಳು ಮತ್ತು ಯಾರೂ ಓದದ ಕಡತಗಳ ನಡುವೆ ಚುಚ್ಚಿಕೊಂಡ, ಡಬ್ಬಿ ಬಿಚ್ಚಿ ಉಂಡ. ಒಂದೂ ಇಪ್ಪತ್ತಕ್ಕೆ ಲಿಫ್ಟು 'ದುರಸ್ತಿಯಾಗಿ' ಮೇಲೆ ಬಂತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವನ ಬಾಯಿಗೆ ಹೊತ್ತಿಗೆ ಸರಿಯಾಗಿ ಊಟ ಬಿದ್ದಿತ್ತು.

ಮರುದಿನವೂ ಹಾಗೇ. ಅದರ ಮರುದಿನವೂ. ಹೀಗೆ ಮೂರು ತಿಂಗಳು ಆ ಲಿಫ್ಟಿಗೆ ನಡೆದಷ್ಟು ದುರಸ್ತಿ ಭೂಮಿಯ ಮೇಲೆ ಬೇರೆ ಯಾವ ಯಂತ್ರಕ್ಕೂ ನಡೆದಿರಲಾರದು. ಜನ ಸಹಕರಿಸಿದರು. ರಕ್ತದ ಚೀಟಿಯಲ್ಲಿ ಹನ್ನೊಂದಿದ್ದ ಮೂರು ತಿಂಗಳ ಸಕ್ಕರೆಯ ಸರಾಸರಿ ಎಂಟಕ್ಕಿಳಿಯಿತು. "ಇದು ಕಾಳಜಿ ಅಂದ್ರೆ," ಎಂದು ಡಾಕ್ಟರಮ್ಮ ಬೆನ್ನು ತಟ್ಟಿದರು. ಕಣ್ಣಿನ ರಕ್ತ ಅಲ್ಲಿಗೇ ನಿಂತಿತ್ತು.

ಮ್ಯಾನೇಜರಿಗೆ ಮಂಡಿನೋವು ಶುರುವಾದದ್ದೇ ಎಡವಟ್ಟಾಯಿತು. ದಿನಾ ಕೆಡುವ ಲಿಫ್ಟಿನ ಮೇಲೆ ರೇಗಿ ಅವರು ಲಿಫ್ಟು ಕಂಪನಿಗೆ ಫೋನು ಹಚ್ಚಿದರು. "ದುರಸ್ತಿಯಾ? ನಾವು ಬಂದು ಮೂರು ತಿಂಗಳಾಯ್ತಲ್ಲ ಸಾರ್!" ಎಂದರು ಅವರು. ಮ್ಯಾನೇಜರು ನೆಲಮಾಳಿಗೆಗೆ ಇಳಿದು ಬಂದಾಗ ಲಿಫ್ಟಣ್ಣನ ಬಾಯಿ ತುಂಬ ತುತ್ತಿತ್ತು.

"ಏನಯ್ಯಾ ಇದು? ಸುಳ್ಳು ಬೋರ್ಡು ಹಾಕಿ ಮೂರು ತಿಂಗಳು ಎಲ್ರನ್ನೂ ಮಂಗ ಮಾಡಿದೀಯಾ?"

ಲಿಫ್ಟಣ್ಣ ತುತ್ತು ನುಂಗಿದ. "ಸುಳ್ಳು ಎಲ್ಲಿದೆ ಸಾರ್? ದುರಸ್ತಿ ನಡೀತಾನೇ ಇದೆ. ಲಿಫ್ಟಿಗೆ ಅಂತ ಬೋರ್ಡಲ್ಲಿ ಬರೆದಿಲ್ಲ."

"ನಾಟಕ ಬೇಡ! ಆ ಹಲಗೆ ಇನ್ನು ನನ್ನ ಹತ್ರ ಇರುತ್ತೆ." ಮ್ಯಾನೇಜರು ಮೇಲೆ ಹತ್ತಿ, ಜಾಲರಿಯಿಂದ ಹಲಗೆ ಬಿಚ್ಚಿ ಬಗಲಿಗೆ ಸಿಕ್ಕಿಸಿಕೊಂಡು ಹೋದರು.

ಹಲಗೆಯ ಜೊತೆಗೆ ಲಿಫ್ಟಣ್ಣನ ಅಳುಕೂ ಹೋಯಿತು. ಮರುದಿನ ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ಕೆಳಮಹಡಿಯಲ್ಲೇ, ಎಲ್ಲರ ಕಣ್ಣೆದುರು, ಜಾಲರಿ ಹಾರುಹೊಡೆದು ಸ್ಟೂಲಿನ ಮೇಲೆ ಕೂತು ಹೊಟ್ಟೆಗೆ ಚುಚ್ಚಿಕೊಂಡ. ಒಂದು ಗಂಟೆಗೆ ಡಬ್ಬಿ ಬಿಚ್ಚಿದ. ಜಾಲರಿ ತೆರೆದಿದ್ದರೆ ಆ ಲಿಫ್ಟು ಇಂಚೂ ಅಲುಗದು.

"ಅಣ್ಣಾ, ಏಳನೇ ಮಹಡಿ," ಎಂದ ಗುಮಾಸ್ತ ಒಳಗೆ ಕಾಲಿಡುತ್ತ.

"ಊಟ ಮಾಡ್ತಿದೀನಿ."

"ನಮಗೂ ಊಟಾನೇ ಅಲ್ವೇನಪ್ಪಾ?"

"ನಿಮಗೆ ಹತ್ತು ಸಾವಿರ ಹೆಜ್ಜೆ ಇದೆ. ಅಲ್ಲಿ ಮೆಟ್ಟಿಲು." ಇಪ್ಪತ್ತಾರು ವರ್ಷದಲ್ಲಿ ಅವನ ದನಿ ಒಂದನೇ ಮಹಡಿಗಿಂತ ಮೇಲೆ ಏರಿದ್ದನ್ನು ಕೇಳಿದವರಿಲ್ಲ. ಅಂದು ಏಳನೆಯದಕ್ಕೆ ಕೇಳಿಸಿತು. "ಕಹಿ ತಿನ್ನು ಅಂದ್ರಿ, ತಿಂದೆ. ಉಸಿರು ಬಿಡು ಅಂದ್ರಿ, ಬಿಟ್ಟೆ. ಬಾಯಿ ಮೂಸಿದ್ರಿ, ಸುಮ್ನಿದ್ದೆ. ಇಪ್ಪತ್ತು ನಿಮಿಷ ಕೊಡಿ ಅಂದ್ರೆ ಒಬ್ರ ಹತ್ರನೂ ಇಲ್ವಾ?"

ಟೈಪಿಸ್ಟ್ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದಳು.

ಮೂರು ಗಂಟೆಗೆ ಕಾಗದ ಬಂತು: ಮೂರು ದಿನ ಅಮಾನತು. "ತಗೊಂಡೆ ಸಾರ್. ಮೂರು ದಿನಾನೂ ಮನೇಲಿ ಒಂದು ಗಂಟೆಗೆ ಉಣ್ತೀನಿ," ಎಂದು ಲಿಫ್ಟಣ್ಣ ಡಬ್ಬಿ ಎತ್ತಿಕೊಂಡು ಹೊರಟ. ಲಿಫ್ಟು ಯಾರು ನಡೆಸುತ್ತಾರೆಂದು ಮ್ಯಾನೇಜರಿಗೆ ಹೊಳೆದದ್ದು ಅವನು ಗೇಟು ದಾಟಿದ ಮೇಲೆ. ಗೇಟಿನ ವಾಚ್‌ಮನ್‌ನನ್ನು ಕೂರಿಸಿ ನೋಡಿದರು. ಅವನು ಮ್ಯಾನೇಜರನ್ನೇ ಐದು ಮತ್ತು ಆರರ ನಡುವೆ ನಿಲ್ಲಿಸಿ, "ಸಾರ್, ಇದು ಎತ್ತಿನಂತಲ್ಲ, ಹೇಳಿದ ಮಾತು ಕೇಳಲ್ಲ," ಎಂದು ಕೈಮುಗಿದ. ಮೂರು ದಿನ ಕಟ್ಟಡ ಮೆಟ್ಟಿಲು ಹತ್ತಿತು. ಮೂರನೆಯ ದಿನಕ್ಕೆ ಮಂಡಿಗಳ ಸದ್ದಿನಲ್ಲಿ ಫೋನಿನ ಗಂಟೆ ಕೇಳಿಸುತ್ತಿರಲಿಲ್ಲ.

ನಾಲ್ಕನೆಯ ದಿನ ಲಿಫ್ಟಣ್ಣ ಬಂದಾಗ ಜಾಲರಿಯ ಪಕ್ಕ ಹೊಸ ಆದೇಶ ಅಂಟಿಸಿತ್ತು. ಓದಿದ. 'ಮೋಟಾರು ಅತಿಯಾಗಿ ಬಿಸಿಯಾಗುತ್ತಿರುವುದರಿಂದ, ಯಂತ್ರದ ಹಿತದೃಷ್ಟಿಯಿಂದ, ಪ್ರತಿದಿನ ಒಂದರಿಂದ ಒಂದೂ ಇಪ್ಪತ್ತರವರೆಗೆ ಲಿಫ್ಟಿಗೆ ವಿಶ್ರಾಂತಿ ನೀಡಲಾಗಿದೆ.'

ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದ. "ಮೋಟಾರಿಗಾ ಸಾರ್?"

"ಸಿಕ್ತಲ್ಲಪ್ಪಾ ಇಪ್ಪತ್ತು ನಿಮಿಷ! ಇನ್ನೇನು ತಕರಾರು?"

"ಮೋಟಾರಿಗೆ ಸಿಕ್ತು. ಕಣ್ಣು ನಂದು ಹೋಗ್ತಿತ್ತು."

ಮ್ಯಾನೇಜರು ಮಂಡಿ ನೀವಿಕೊಳ್ಳುತ್ತ ದನಿ ತಗ್ಗಿಸಿದರು. "ನೋಡು, ನಿನಗೆ ಅಂತ ಬರೆದ್ರೆ ನಾಳೆ ವಾಚ್‌ಮನ್ ಕೇಳ್ತಾನೆ, ನಾಡಿದ್ದು ಗುಡಿಸೋಳು ಕೇಳ್ತಾಳೆ. ಎಲ್ರಿಗೂ ಊಟದ ಹೊತ್ತು ಕೊಟ್ಟು ಕೂತ್ರೆ ಕಟ್ಟಡ ನಡೆಯುತ್ತಾ?"

ಲಿಫ್ಟಣ್ಣ ಬಾಗಿಲು ಎಳೆದುಕೊಂಡು ಹೊರಬಂದ. ಅಷ್ಟು ವರ್ಷ ತನ್ನದೊಂದೇ ಎಂದುಕೊಂಡಿದ್ದ ಸಿಟ್ಟು ಈಗ ಒಬ್ಬನ ಎದೆಯಲ್ಲಿ ಹಿಡಿಸುವಂತಿರಲಿಲ್ಲ. ಒಂದು ಗಂಟೆಗೆ ಲಿಫ್ಟು ಕೆಳಗೆ ನಿಲ್ಲಿಸಿ, ಗೇಟಿನಿಂದ ವಾಚ್‌ಮನ್‌ನನ್ನೂ ಮೆಟ್ಟಿಲಡಿಯಿಂದ ದೊಡ್ಡಕ್ಕನನ್ನೂ ಕರೆದ. ಇಬ್ಬರೂ ತಮ್ಮ ತಮ್ಮ ಡಬ್ಬಿ ಹಿಡಿದು ಅನುಮಾನದಿಂದಲೇ ಬಂದರು.

"ನೀವು ಊಟದ ಹೊತ್ತು ಕೇಳ್ತೀರಂತೆ," ಎಂದ ಲಿಫ್ಟಣ್ಣ.

"ನಾವೆಲ್ಲಿ ಕೇಳಿದೀವಿ?" ವಾಚ್‌ಮನ್ ಗಾಬರಿಯಾದ. "ಯಾರು ಹೇಳಿದ್ದು?"

"ಮ್ಯಾನೇಜರು. ನೀವು ಕೇಳ್ತೀರಿ ಅಂತ ಅವರಿಗೆ ಆಗಲೇ ಹೆದರಿಕೆ ಹತ್ತಿದೆ."

ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕು ಗಂಟೆಗೆ ಮೊದಲು ಅವಳು ಎಂದೂ ಉಂಡವಳಲ್ಲ. "ಹಾಗಾದ್ರೆ ಯಾವಾಗ ಕೇಳೋಣಣ್ಣಾ? ಈಗಲೇನಾ?"

"ಈಗ ಉಣ್ಣು," ಎಂದ ಲಿಫ್ಟಣ್ಣ ತನ್ನ ಸ್ಟೂಲನ್ನು ಅವಳ ಕಡೆ ತಳ್ಳಿ, ನೆಲದ ಮೇಲೆ ಕಾಲು ಮಡಚಿ ಕೂರುತ್ತ. "ಒಂದೂ ಇಪ್ಪತ್ತಕ್ಕೆ ಮ್ಯಾನೇಜರ ಹತ್ರ ನಾನೇ ಹತ್ತಿಸಿಕೊಂಡು ಹೋಗ್ತೀನಿ."