ನಡುವಿನ ಕುಕ್ಕೆ

ಮೊನ್ನೆ ಮೊಮ್ಮಗಳ ಪ್ಲಾಸ್ಟಿಕ್ ತುಂಡೊಂದನ್ನು ತುಳಿದು, ಒಂಟಿ ಕಾಲಲ್ಲಿ ಅಡುಗೆಮನೆವರೆಗೂ ಕುಣಿದೆ. ನನ್ನ ವಯಸ್ಸಿಗೆ ಒಪ್ಪುವ ಕುಣಿತವಲ್ಲ ಅದು. ಲೆಕ್ಕ ಕಲಿಯುವುದಕ್ಕೆಂದು ಶಾಲೆಯವರು ಕೊಟ್ಟ ತುಂಡುಗಳಂತೆ: ಬಿಡಿಗೆ ಹಳದಿ, ಹತ್ತಕ್ಕೆ ಹಸಿರು, ನೂರಕ್ಕೆ ನೀಲಿ. ಅವಳು ನಾಲ್ಕು ನೀಲಿ, ಏಳು ಹಳದಿ ಜೋಡಿಸಿಟ್ಟು ಪುಸ್ತಕದಲ್ಲಿ ಅಚ್ಚುಕಟ್ಟಾಗಿ 47 ಎಂದು ಬರೆದಿದ್ದಳು. "ನಡುವಿನದ್ದು ಎಲ್ಲಿ ಹೋಯ್ತೇ?" ಎಂದೆ. "ಅಲ್ಲಿ ಏನೂ ಇಲ್ವಲ್ಲ ಅಜ್ಜಿ!" ಎಂದಳು.

ಆ ಉತ್ತರ ಕೇಳಿ ಕಾಲುನೋವು ಮರೆತೇ ಹೋಯಿತು. ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ, ಸಂಪಾಜೆಯ ಮೇಲಿನ ಘಟ್ಟದಲ್ಲಿದ್ದ ನಮ್ಮ ಶಾಲೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ ಮಾತು ಅದು. ಹೇಳುತ್ತಿದ್ದವನು ಬೆಳ್ಯಪ್ಪ. ಕೇಳಿ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದವರು ಐತಪ್ಪ ಮಾಸ್ಟ್ರು.

ಮಾಸ್ಟ್ರು ಘಟ್ಟದ ಕೆಳಗಿನವರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೆತ್ತ ಹಿಡಿಯದೆ ಲೆಕ್ಕ ಕಲಿಸುತ್ತೇನೆಂದು ಹೊರಟ ವಿಚಿತ್ರ ಪ್ರಾಣಿ. ಮಕ್ಕಳ ಮನೆಗಳಿಂದಲೇ ಮೂರು ಕುಕ್ಕೆ, ಅಂದರೆ ಅಕ್ಕಿ ಹಾಕಿಡುವ ಸಣ್ಣ ಬಿದಿರು ಬುಟ್ಟಿ, ತರಿಸಿ ಸಾಲಾಗಿ ಇಟ್ಟರು. ಬಲಗಡೆಯದು ಬಿಡಿಗೆ, ನಡುವಿನದು ಹತ್ತಕ್ಕೆ, ಎಡಗಡೆಯದು ನೂರಕ್ಕೆ. ಎಣಿಸಲು ಹಲಸಿನ ಬೀಜ. ಒಬ್ಬರು ಕುಕ್ಕೆಗಳಿಗೆ ಬೀಜ ಹಾಕಬೇಕು, ಇನ್ನೊಬ್ಬರು ಬಂದು ನೋಡಿ ಅದನ್ನೇ ಸ್ಲೇಟಿನಲ್ಲಿ ಬರೆಯಬೇಕು.

"ನೋಡಿ ಮಕ್ಕಳೇ, ಬೀಜ ಒಂದೇ. ನಡುವಿನ ಕುಕ್ಕೆಯಲ್ಲಿ ಕೂತರೆ ಹತ್ತಾಗ್ತದೆ, ಎಡದ್ದರಲ್ಲಿ ಕೂತರೆ ನೂರಾಗ್ತದೆ" ಎಂದರು. ನಮಗೆ ಆದ ಸಂತೋಷ ಹೇಳತೀರದು. ಅದೇ ಸಂಜೆ ಬೆಳ್ಯಪ್ಪ ಎಡದ ಕುಕ್ಕೆಯಿಂದ ಒಂದು ಬೀಜ ಕದ್ದು ಮನೆಗೊಯ್ದು, "ಅವ್ವಾ, ಇದ್ ಒಂದಲ್ಲ, ನೂರು. ಪಲ್ಯ ಮಾಡ್" ಎಂದನಂತೆ. ಅವ್ವ ಮಾಡಿದ್ದು ಪಲ್ಯವಲ್ಲ ಎಂಬುದು ಮರುದಿನ ಅವನ ಕಿವಿ ನೋಡಿದರೆ ತಿಳಿಯುತ್ತಿತ್ತು.

ಮಳೆಗಾಲದಲ್ಲಿ ಮೊಳಕೆ ಬರಬಾರದೆಂದು ಮಾಸ್ಟ್ರು ಆ ಬೀಜಗಳನ್ನು ಹುರಿದು ತಂದಿದ್ದರು. ಅದೊಂದು ತಪ್ಪು ಮಾಡಬಾರದಿತ್ತು. ಹುರಿದ ಹಲಸಿನ ಬೀಜ ಎದುರಿಟ್ಟುಕೊಂಡು ಬರೀ ಎಣಿಸಿ ಏಳುವ ಮಕ್ಕಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆದರೆ ನಾವು ನ್ಯಾಯವಂತರು. ತಿಂದರೆ ಬಿಡಿಯ ಕುಕ್ಕೆಯಿಂದಲೇ ತಿನ್ನುತ್ತಿದ್ದೆವು, ಮಾಸ್ಟ್ರಿಗೆ ನಷ್ಟ ಕಡಿಮೆಯಾಗಲಿ ಎಂದು.

ಎಲ್ಲ ಕಲಿತೆವು, ಸೊನ್ನೆ ಮಾತ್ರ ತಲೆಗೆ ಹತ್ತಲಿಲ್ಲ. ಮುನ್ನೂರೈದಕ್ಕೆ ಇಡೀ ಕ್ಲಾಸೇ 35 ಎಂದು ಬರೆಯುತ್ತಿತ್ತು. "ಇಲ್ಲದ್ದರ ಹೇಂಗೆ ಬರಿಯದು ಸಾರ್?" ಎಂದು ಬೆಳ್ಯಪ್ಪ ಕೇಳಿದರೆ ಮಾಸ್ಟ್ರು ಮತ್ತೆ ಮೊದಲಿನಿಂದ ಬೀಜ ಎಣಿಸಲು ಕೂರುತ್ತಿದ್ದರು. ಇತ್ತ ಹೆಡ್‌ಮಾಸ್ಟ್ರು, "ಇದು ಶಾಲೆಯೋ, ಬೀಜ ಹುರಿಯುವ ಒಲೆಯೋ?" ಎಂದು ಮಡಿಕೇರಿಗೆ ದೂರು ಬರೆದರು. ಇನ್‌ಸ್ಪೆಕ್ಟರು ಬರುವುದೆಂದು ನಿಶ್ಚಯವಾಯಿತು. ಅವರು ಒಪ್ಪದಿದ್ದರೆ ಐತಪ್ಪ ಮಾಸ್ಟ್ರು ಗಂಟುಮೂಟೆ ಕಟ್ಟಿ ಘಟ್ಟ ಇಳಿಯಬೇಕು. ಆ ಜಾಗಕ್ಕೆ ಬರುವವರು ಬೆತ್ತದ ಜೊತೆಗೇ ಬರುತ್ತಾರೆ ಎಂಬುದು ನಮಗೂ ಗೊತ್ತಿತ್ತು.

ಇನ್‌ಸ್ಪೆಕ್ಟರು ಬಂದೇ ಬಿಟ್ಟರು. ಕೋಟು, ಕನ್ನಡಕ, ಬಸ್ಸಿನ ತಿರುವುಗಳಿಂದ ಬಾಡಿದ ಮುಖ. ಬೆಳ್ಯಪ್ಪನನ್ನು ಸ್ಲೇಟು ಸಮೇತ ಹೊರಗೆ ನಿಲ್ಲಿಸಿ, ನನ್ನನ್ನು ಕರೆದು ಕಿವಿಯಲ್ಲಿ "ಮುನ್ನೂರೈದು" ಎಂದರು. ಮಾಸ್ಟ್ರ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

ಎಡಕ್ಕೆ ಮೂರು ಹಾಕಿದೆ. ಬಲಕ್ಕೆ ಐದು ಹಾಕಿದೆ. ನಡುವಿನ ಕುಕ್ಕೆಯ ಮುಂದೆ ಕಾಲು ನಿಂತಿತು. ದಿನಾ ಖಾಲಿ ಬಿಡುತ್ತಿದ್ದೆ, ನಿಜ. ಆದರೆ ಅದು ನಮ್ಮ ಮನೆಯ ಕುಕ್ಕೆ. ಆವತ್ತು ಬೆಳಿಗ್ಗೆಯಷ್ಟೇ, ಮನೆಯಲ್ಲಿದ್ದ ಅದರ ಜೋಡಿಯನ್ನು ನಾನು ಕವುಚಿ ಕೊಡವಿದ್ದಕ್ಕೆ ನನ್ನ ಅಜ್ಜಿ ಬೆನ್ನಿಗೊಂದು ಕೊಟ್ಟು, "ಅಕ್ಕಿ ಕುಕ್ಕೆ ಖಾಲಿ ಮಾಡಿಕೆ ಬೊಡ. ಲಕ್ಷ್ಮಿಗೆ ಕೂರಿಕೆ ಏನಾರ್ ಬೇಕಲ್ಲಾ" ಎಂದಿದ್ದರು. ನಮ್ಮ ಕಡೆ ಯಾವ ಮನೆಯಲ್ಲೂ ಅಕ್ಕಿಯ ಕುಕ್ಕೆಯನ್ನು ಪೂರ್ತಿ ಬರಿದು ಮಾಡುವುದಿಲ್ಲ, ಲಕ್ಷ್ಮಿ ಕೂರಲೆಂದು ನಾಲ್ಕು ಕಾಳಾದರೂ ಉಳಿಸುತ್ತಾರೆ. ಮಾಸ್ಟ್ರ ಕೆಲಸ ಹೋಗುವ ದಿನವೇ ಲಕ್ಷ್ಮಿಯನ್ನೂ ಓಡಿಸುವುದೇ? ಹಾಗೆಂದು ಬೀಜ ಹಾಕಿದರೆ ಹತ್ತಾಗಿಬಿಡುತ್ತದೆ!

ಕೊನೆಗೆ ಕೆಳಗಿನ ರಾಶಿಯಿಂದ ಒಂದು ಬೀಜ ತೆಗೆದುಕೊಂಡೆ, ಸುಲಿದೆ, ಬಾಯಿಗೆ ಹಾಕಿಕೊಂಡೆ. ಸಿಪ್ಪೆಯನ್ನು ನಡುವಿನ ಕುಕ್ಕೆಯೊಳಗೆ ಭಕ್ತಿಯಿಂದ ಇಟ್ಟೆ. ಇನ್‌ಸ್ಪೆಕ್ಟರ ಎದುರಿಗೇ ಅಗಿಯುತ್ತ ನಿಂತೆ.

"ಇದೇನು ಮಾಸ್ಟ್ರೇ, ಕಸ!" ಎಂದು ಅವರು ಸಿಪ್ಪೆಯನ್ನು ಎತ್ತಲು ಹೋದರು. "ಸಾರ್, ಬೇಡ!" ಎಂದು ಇಡೀ ಕ್ಲಾಸು ಕಿರುಚಿತು. ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಗದ್ದಲ ಕೇಳಿ ಬೆಳ್ಯಪ್ಪ ಕರೆಯುವ ಮೊದಲೇ ಒಳಗೆ ನುಗ್ಗಿ, ಮೂರೂ ಕುಕ್ಕೆಗಳಿಗೆ ಇಣುಕಿದ. ನಡುವಿನದರ ಮೇಲೆ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಬಳಪ ನೆಕ್ಕಿದ. ಬರೆದ: 305.

ಜನ್ಮದಲ್ಲಿ ಮೊದಲ ಸಲ ಅವನು ಸೊನ್ನೆ ಹಾಕಿದ್ದ. ಮಾಸ್ಟ್ರು ಗೋಡೆ ಹಿಡಿದುಕೊಂಡರು.

"ಯಾರು ಹೇಳಿಕೊಟ್ಟರು?" ಇನ್‌ಸ್ಪೆಕ್ಟರ ದನಿ ಗಡುಸಾಯಿತು. "ಅಲ್ಲಿ ಏನಿದೆ ಅಂತ ಸೊನ್ನೆ ಬರೆದೆ?"

"ಅದ್ ಎಣಿಸಿಕೆ ಇಲ್ಲೆ ಸಾರ್" ಎಂದ ಬೆಳ್ಯಪ್ಪ. "ಆದ್ರೆ ಜಾಗ ಖಾಲಿ ಬುಡಿಕೂ ಇಲ್ಲೆ. ಅದ್ಕೆ ಸೊನ್ನೆ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಸಿಪ್ಪೆಯನ್ನು ನೋಡಿದರು. ಆಮೇಲೆ ಬಿಡಿಯ ಕುಕ್ಕೆಗೆ ಕೈ ಹಾಕಿ ಒಂದು ಬೀಜ ಸುಲಿದು ತಿಂದರು. 305 ಆಗಲೇ 304 ಆಗಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಸೊನ್ನೆಯ ಬಗ್ಗೆ ಏನಾದರೂ ಕೇಳುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ.

"ಅಜ್ಜಿ, ಮಾಸ್ಟ್ರು ಪಾಸಾದ್ರಾ?"

ಮಾಸ್ಟ್ರ ಕೆಲಸ ಹೋಗಬಹುದೆಂದು ಗೊತ್ತಿದ್ದರೂ, ಆವತ್ತಿನ ಪರೀಕ್ಷೆ ಅವರದೇ ಎಂದು ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಗಿತ್ತು. ಇವಳಿಗೆ ಒಂದೇ ಸಲ ಕೇಳಿದ್ದರಲ್ಲಿ ಅರ್ಥವಾಗಿಬಿಟ್ಟಿತು.

"ಆದರು ಮಗಾ. ಖಾಯಂ ಆಯ್ತು. ನಮ್ಮ ಶಾಲೆಯಲ್ಲೇ ಉಳಿದರು."

"ಮತ್ತೆ ನೀನು?"

"ನಾನು ತಿಂದದ್ದು ಎಡದ ಕುಕ್ಕೆಯ ಬೀಜವಂತೆ, ಒಂದೇ ಬಾಯಿಗೆ ನೂರು ನುಂಗಿದೆನಂತೆ. ಬೆಳ್ಯಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟ."

ಅವಳು ನೆಲದ ಮೇಲೆ ಉರುಳಾಡಿ ನಕ್ಕಳು. ನಕ್ಕು ಸುಸ್ತಾದ ಮೇಲೆ ಪುಸ್ತಕ ಎಳೆದುಕೊಂಡು, ನಾಲ್ಕಕ್ಕೂ ಏಳಕ್ಕೂ ನಡುವೆ ದೊಡ್ಡದೊಂದು ಸೊನ್ನೆ ತುರುಕಿದಳು. ಅದು ಎಷ್ಟು ದೊಡ್ಡದೆಂದರೆ ಪಾಪ, ನಾಲ್ಕೂ ಏಳೂ ಅದರ ಅಡಿಯಲ್ಲಿ ಅರ್ಧ ಮುಚ್ಚಿಹೋದವು. ಅಳಿಸಿ ಸರಿಯಾಗಿ ಬರೆ ಎನ್ನಲು ನನಗೆ ಮನಸ್ಸಾಗಲಿಲ್ಲ.